ಪ್ರತಿಕ್ರಿಯೆ: ಅಮೆರಿಕದಿಂದ ಆನ್‌ಲೈನ್ ನೋಟರಿ ಮಾಡಿಸಿದ ಪವರ್ ಆಫ್ ಅಟಾರ್ನಿ ಮೈಸೂರಿನಲ್ಲಿ ನಡೆಯುತ್ತದೆಯೇ?

ಟೆಕ್ಸಾಸ್‌ನಲ್ಲಿದ್ದುಕೊಂಡೇ ಪವರ್ ಆಫ್ ಅಟಾರ್ನಿಯನ್ನು (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ವಿಡಿಯೋ ಕರೆಯಲ್ಲಿ ನೋಟರಿ ಮಾಡಿಸಿ, ಆ ಪಿಡಿಎಫ್ ಅನ್ನು ಅಮ್ಮನಿಗೆ ಕಳಿಸಿ, ಮೈಸೂರಿನ ಸೈಟು ಮಾರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಟೆಕ್ಸಾಸ್ ಕಾನೂನು ಆನ್‌ಲೈನ್ ನೋಟರಿಯನ್ನು ಒಪ್ಪುತ್ತದೆ, ನಿಜ. ಆದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಮೊದಲ ಅನುಸೂಚಿಯಲ್ಲಿ, ಎಲೆಕ್ಟ್ರಾನಿಕ್ ರೂಪಕ್ಕೆ ಮಾನ್ಯತೆ ಇಲ್ಲದ ದಾಖಲೆಗಳ ಸಾಲಿನಲ್ಲಿ ಉಯಿಲಿನ ಜೊತೆ ಪವರ್ ಆಫ್ ಅಟಾರ್ನಿಯೂ ಇದೆ. 2022ರ ತಿದ್ದುಪಡಿಯ ಸಡಿಲಿಕೆ ಬ್ಯಾಂಕಿನಂಥ ನಿಯಂತ್ರಿತ ಸಂಸ್ಥೆಗಳ ಪರ ಬರೆದುಕೊಡುವ ಪತ್ರಗಳಿಗೆ; ಅಮ್ಮನ ಹೆಸರಿಗೆ ಬರೆದದ್ದಕ್ಕಲ್ಲ.

ಕಾಗದದ ಮೇಲೆ, ಶಾಯಿಯಲ್ಲಿ, ನೋಟರಿಯ ಎದುರೇ ಸಹಿ ಮಾಡಿ. ನೋಂದಣಿ ಕಾಯ್ದೆಯ 33ನೇ ಕಲಂ ವಿದೇಶದಲ್ಲಿರುವವರಿಗೆ ನೋಟರಿ ಅಥವಾ ಭಾರತೀಯ ಕಾನ್ಸುಲ್, ಇಬ್ಬರ ದೃಢೀಕರಣವನ್ನೂ ಒಪ್ಪುತ್ತದೆ. ನೋಟರಿ ಬಳಿ ಹೋದರೆ, ಟೆಕ್ಸಾಸ್ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್ (ದಾಖಲೆಯನ್ನು ಬೇರೆ ದೇಶದಲ್ಲಿ ಬಳಸಲು ಲಗತ್ತಿಸುವ ಸರ್ಕಾರಿ ಪ್ರಮಾಣಪತ್ರ) ಹಾಕಿಸಿ. ಅಪೊಸ್ಟಿಲ್ ಕುರಿತ ಅಂತರರಾಷ್ಟ್ರೀಯ ಹೇಗ್ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಅಪೊಸ್ಟಿಲ್ ಹೇಳುವುದು ನೋಟರಿಯ ಸಹಿ, ಮುದ್ರೆ ಅಸಲಿ ಎಂದಷ್ಟೇ. ಒಳಗಿನ ಒಕ್ಕಣೆ ಸರಿಯಿದೆಯೇ ಎಂಬುದು ನಿಮ್ಮ ಹೊಣೆ. ಹಾಗಾಗಿ ಮಾರುವ, ಹಣ ಪಡೆಯುವ, ನೋಂದಣಿಗೆ ಹಾಜರುಪಡಿಸುವ ಅಧಿಕಾರವನ್ನು ಬೇರೆಬೇರೆಯಾಗಿ ಬರೆಸಿ, ಸೈಟಿನ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಸೇರಿಸಿ. ಕರಡನ್ನು ಮೈಸೂರಿನ ವಕೀಲರೇ ಮಾಡಲಿ.

ಬಹಳ ಜನ ಮರೆಯುವುದು ಸ್ಟಾಂಪ್ ಶುಲ್ಕ. ಅಸಲು ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಅದನ್ನು ಕಟ್ಟಬೇಕು. ಕೊರಿಯರ್ ರಸೀದಿಯನ್ನು ಅಮ್ಮ ಎತ್ತಿಟ್ಟುಕೊಳ್ಳಲಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ.