ಬೆಳದಿಂಗಳ ಶಾಲೆಗೆ ಬಂದವನು

ಪ್ರಶ್ನೆ: ಮೇಡಂ, ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಅಮೆರಿಕದ ಕೆಂಟಕಿಯ ಒಂದು ಬೆಟ್ಟದ ಹಳ್ಳಿ, 1911ನೇ ಇಸವಿ. ಪಟ್ಟಣದಿಂದ ಬಂದ ಟೀಚರ್‌ಗೂ ಬೆಟ್ಟದ ಹುಡುಗನಿಗೂ ಪ್ರೀತಿ. ಕೊನೆಗೆ ಅವಳ ಮಾತು ಕೇಳಿ ಅವನು ಯೇಸುವನ್ನು ನಂಬುತ್ತಾನೆ. ಓದಿದ ಗೆಳತಿ, "ಪ್ರೀತಿ ಚೆನ್ನಾಗಿದೆ, ಭಕ್ತಿ ಮಾತ್ರ ಮೇಲಿಂದ ಅಂಟಿಸಿದ ಹಾಗಿದೆ" ಅಂದಳು. ಹೇಗೆ ಸರಿಮಾಡಲಿ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ನಿಮ್ಮ ಟೀಚರ್ ದೇವರನ್ನು ತಾನೇ ಹೊತ್ತುಕೊಂಡು ಬೆಟ್ಟ ಹತ್ತುತ್ತಾಳೆ. ತೊಂದರೆ ಇರುವುದು ಅಲ್ಲೇ. ಆ ಬೆಟ್ಟದ ಜನ ಅವಳು ಬರುವುದಕ್ಕೆ ಎಷ್ಟೋ ಮೊದಲೇ ದೇವರನ್ನು ಬಲ್ಲವರು. ಅಲ್ಲಿನ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಹಳೆಯ ಸಭೆಗಳಲ್ಲಿ ಹಿರಿಯರೊಬ್ಬರು ಹಾಡಿನ ಒಂದು ಸಾಲನ್ನು ಬೇಗ ಹೇಳಿಕೊಡುತ್ತಾರೆ. ಉಳಿದವರು ಅದನ್ನೇ ನಿಧಾನವಾಗಿ, ಎಳೆದೆಳೆದು ಹಾಡುತ್ತಾರೆ. ಆಮೇಲೆ ಮುಂದಿನ ಸಾಲು. ವಾದ್ಯ ಇಲ್ಲ. ಹಾಡಿನ ಪುಸ್ತಕ ಸಿಗದ, ಸಿಕ್ಕರೂ ಓದಲು ಬಾರದ ಜನರ ನಡುವೆ ಉಳಿದುಬಂದ ಪದ್ಧತಿ ಅದು. ಹಾಗಾಗಿ ನಿಮ್ಮ ನಾಯಕನಿಗೆ ಹತ್ತಾರು ಹಾಡು ಬಾಯಿಪಾಠ ಬರುತ್ತವೆ ಅಂತ ಇಟ್ಟುಕೊಳ್ಳಿ. ಅವನಿಗೆ ಬಾರದಿರುವುದು ಅಕ್ಷರ.

ನೀವು ಆರಿಸಿಕೊಂಡ ವರ್ಷ ಬಹಳ ಒಳ್ಳೆಯದು. 1911ರ ಸೆಪ್ಟೆಂಬರ್ 5ರ ರಾತ್ರಿ ಕೆಂಟಕಿಯ ರೋವನ್ ಕೌಂಟಿಯಲ್ಲಿ 'ಮೂನ್‌ಲೈಟ್ ಸ್ಕೂಲ್', ಅಂದರೆ ಬೆಳದಿಂಗಳ ಶಾಲೆ, ಶುರುವಾಯಿತು. ಅಲ್ಲಿನ ಶಾಲೆಗಳ ಮೇಲ್ವಿಚಾರಕಿ ಕೋರಾ ವಿಲ್ಸನ್ ಸ್ಟುವರ್ಟ್ ಅವರ ಯೋಜನೆ. ಹಗಲು ಮಕ್ಕಳಿಗೆ ಪಾಠ ಹೇಳುವ ಟೀಚರ್‌ಗಳೇ ರಾತ್ರಿ ಸಂಬಳವಿಲ್ಲದೆ ದೊಡ್ಡವರಿಗೆ ಕಲಿಸಬೇಕು. ಬೆಟ್ಟದ ದಾರಿ ಕತ್ತಲಲ್ಲಿ ನಡೆಯುವಂಥದ್ದಲ್ಲ, ಅದಕ್ಕೇ ಬೆಳದಿಂಗಳ ರಾತ್ರಿಗಳನ್ನು ಆರಿಸಿಕೊಂಡರು. 150 ಜನ ಬಂದರೆ ಹೆಚ್ಚು ಅಂದುಕೊಂಡಿದ್ದರು. ಬಂದವರು 1,200 ಜನ! ಅವರಲ್ಲಿ ಹದಿನೆಂಟರ ಹುಡುಗರೂ ಇದ್ದರು, 86 ವರ್ಷದ ಮುದುಕರೂ ಇದ್ದರು. ಈ ಸಂಗತಿ ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಅವರಿಗೆ ಅಕ್ಷರ ಯಾಕೆ ಬೇಕಿತ್ತು? ಬಹಳ ಜನ ಹೇಳಿದ್ದು ಎರಡೇ ಕಾರಣ. ಬೈಬಲ್ ತಾವೇ ಓದಬೇಕು, ದೂರ ಹೋದ ಮಕ್ಕಳ ಕಾಗದ ತಾವೇ ಓದಬೇಕು. ಶಿಕಾಗೋದಲ್ಲಿದ್ದ ಮಗಳ ಕಾಗದ ಓದಿಸಿಕೊಳ್ಳಲು ಸ್ಟುವರ್ಟ್ ಅವರ ಕಚೇರಿಗೆ ಬರುತ್ತಿದ್ದ ಒಬ್ಬ ತಾಯಿಯ ಕಥೆ ಇದೆ. ಹೊಳೆ ತುಂಬಿ ಹರಿದರೆ ದಾಟಿ ಬರುವಂತಿಲ್ಲ, ಕಾಗದ ದಿನಗಟ್ಟಲೆ ಹಾಗೇ ಉಳಿಯುತ್ತಿತ್ತು. ಕೊನೆಗೆ ಆ ತಾಯಿ ತಾವೇ ಓದು ಬರಹ ಕಲಿತರು. ನಮ್ಮಜ್ಜಿಯೂ ನನ್ನ ಅಮ್ಮನ ಕಾಗದವನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳುತ್ತಿದ್ದರು. ಅವನು ಹೊರಟುಹೋದ ಮೇಲೆ ಸುಮ್ನೆ ಆ ಹಾಳೆಯ ಮೇಲೆ ಕೈಯಾಡಿಸುತ್ತಾ ಕೂರುತ್ತಿದ್ದರು.

ನೋಡಿ, ಬೈಬಲ್‌ಗೂ ಪ್ರೀತಿಯ ಕಾಗದಕ್ಕೂ ಬಾಗಿಲು ಒಂದೇ. ನಿಮ್ಮ ಕಾದಂಬರಿಯನ್ನು ಆ ಬಾಗಿಲಲ್ಲೇ ನಿಲ್ಲಿಸಿ. ಮನೆಯ ದೊಡ್ಡ ಬೈಬಲ್‌ನಲ್ಲಿ, ಅದರ ಎರಡು ಭಾಗಗಳಾದ ಹಳೆ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಕೆಲವು ಹಾಳೆಗಳಿರುತ್ತಿದ್ದವು. ಹುಟ್ಟು, ಮದುವೆ, ಸಾವು ಬರೆದಿಡುವುದು ಅದರಲ್ಲೇ. ನಾಯಕನ ತಾಯಿ ತೀರಿಕೊಂಡಾಗ ಅಕ್ಷರ ಬಲ್ಲ ನೆರೆಯವರೊಬ್ಬರು ಅವಳ ಹೆಸರನ್ನು ಅಲ್ಲಿ ಬರೆದಿದ್ದಾರೆ. ಇವನಿಗೆ ಯಾವ ಸಾಲು ಅವಳದ್ದು ಅಂತ ಗೊತ್ತಿಲ್ಲ. ಮೂರು ವಾರ ಶಾಲೆಗೆ ಬಂದ ಮೇಲೆ ಒಂದು ರಾತ್ರಿ, ಎಣ್ಣೆ ದೀಪದ ಕೆಳಗೆ, ಸೌದೆ ಕಡಿದು ಒಡೆದ ಬೆರಳನ್ನು ಒಂದೊಂದೇ ಅಕ್ಷರದ ಕೆಳಗೆ ಸರಿಸುತ್ತಾ ಅಮ್ಮನ ಹೆಸರು ಹುಡುಕುತ್ತಾನೆ. ಸಿಗುತ್ತದೆ. ಟೀಚರ್ ಪಕ್ಕದಲ್ಲಿದ್ದಾಳೆ. ದಯವಿಟ್ಟು ಅವಳಿಂದ ಒಂದು ಮಾತನ್ನೂ ಆಡಿಸಬೇಡಿ. ಅವಳು ಆ ಬೆರಳನ್ನು ನೋಡಲಿ, ಅಷ್ಟು ಸಾಕು. ಪ್ರಾರ್ಥನೆ ಮಾಡಲೇಬೇಕಾದರೆ ಅವನೇ ಮಾಡಲಿ, ಅವನಿಗೆ ಬರುವ ಹಾಡಿನ ಒಂದು ಸಾಲಿನಲ್ಲಿ. ಅವನು ಸಾಲು ಹೇಳಿಕೊಡಲಿ, ಅವಳು ಹಿಂದೆ ಹಾಡಲಿ.

ಪ್ರಶ್ನೆ: ಬೆಟ್ಟದ ಎರಡು ಮನೆತನಗಳ ದ್ವೇಷದ ನಡುವೆ ಪ್ರೀತಿ ಹುಟ್ಟಿಸಬಹುದಾ? ಇತಿಹಾಸದಲ್ಲಿ ಅಂಥದ್ದಿದೆಯಾ?

ಉತ್ತರ: ಇದೆ. ಕೆಂಟಕಿ ಮತ್ತು ವೆಸ್ಟ್ ವರ್ಜೀನಿಯಾ ನಡುವಿನ ಟಗ್ ಫೋರ್ಕ್ ಹೊಳೆಯ ಆಚೀಚೆ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಮನೆತನಗಳಿದ್ದವು. 1880ರಲ್ಲಿ ಜಾನ್ಸ್ ಹ್ಯಾಟ್‌ಫೀಲ್ಡ್ ಮತ್ತು ರೋಸಾನಾ ಮೆಕಾಯ್ ಪ್ರೀತಿಸಿದರು. ಅವನು ಅವಳನ್ನು ಬಿಟ್ಟು ಮರುವರ್ಷ ಅವಳದೇ ಸಂಬಂಧದ ನ್ಯಾನ್ಸಿಯನ್ನು ಮದುವೆಯಾದ. ಈ ಜಗಳದ ಕಥೆಗಳು ಈಗಾಗಲೇ ಜಾಸ್ತಿಯಾಗಿವೆ. ಬೆಟ್ಟದವರೆಂದರೆ ಬಂದೂಕು ಹಿಡಿದವರು ಅನ್ನುವ ಚಿತ್ರ ಅವರಿಗೆ ಬಹಳ ನೋವು ಕೊಟ್ಟಿದೆ. ನಾನಾದರೆ ಬರೆಯುವುದಿಲ್ಲ. ಬರೆಯಲೇಬೇಕು ಅಂದರೆ ರೋಸಾನಾ ಕಡೆ ನಿಂತು ಬರೆಯಿರಿ.

ಪ್ರಶ್ನೆ: ಚರ್ಚ್ ದೂರ, ಪಾಸ್ಟರ್ ಇಲ್ಲ. ಹಾಗಾದರೆ ಮದುವೆ ಹೇಗೆ ಆಗುತ್ತಿತ್ತು? ಮದುವೆಯ ದೃಶ್ಯದಲ್ಲೇ ಕಥೆ ಮುಗಿಸೋಣ ಅಂತಿದ್ದೇನೆ.

ಉತ್ತರ: ಕುದುರೆಯ ಮೇಲೆ ಊರೂರು ಸುತ್ತುವ ಬೋಧಕರಿದ್ದರು. 1771ರಲ್ಲಿ ಇಂಗ್ಲೆಂಡಿನಿಂದ ಬಂದ ಮೆಥಡಿಸ್ಟ್ ಪಂಗಡದ ಬೋಧಕ ಫ್ರಾನ್ಸಿಸ್ ಆಸ್ಬರಿ ಸಾಯುವವರೆಗೂ ಹಾಗೆ ಸುತ್ತಿದವರು. ದೂರದ ಹಳ್ಳಿಗಳಿಗೆ ಬೋಧಕರು ಬರುತ್ತಿದ್ದುದೇ ಅಪರೂಪ. ಬಂದ ದಿನವೇ ಮದುವೆ, ಹೊಳೆಯಲ್ಲಿ ದೀಕ್ಷಾಸ್ನಾನ ಎಲ್ಲ ಆಗಬೇಕು. ಸತ್ತವರನ್ನು ಆಗಲೇ ಮಣ್ಣು ಮಾಡಿರುತ್ತಿದ್ದರು, ಅವರ ಹೆಸರಿನ ಪ್ರಸಂಗ, ಅಂದರೆ ಬೋಧನೆ, ಮಾತ್ರ ಬೋಧಕರಿಗಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುತ್ತಿತ್ತು. ಹೆಂಡತಿಯ ಹೆಸರಿನ ಪ್ರಸಂಗ ನಡೆಯುವ ಹೊತ್ತಿಗೆ ಗಂಡ ಎರಡನೇ ಹೆಂಡತಿಯ ಪಕ್ಕದಲ್ಲಿ ಕೂತಿರುತ್ತಿದ್ದುದೂ ಉಂಟು.

ಹಾಗಾಗಿ ನಿಮ್ಮ ಮದುವೆಯನ್ನು ಒಂಟಿಯಾಗಿ ಇಡಬೇಡಿ. ಬೆಳಿಗ್ಗೆ ನಾಯಕನ ತಾಯಿಯ ಹೆಸರಿನಲ್ಲಿ ಪ್ರಸಂಗ ನಡೆಯಲಿ. ಮಧ್ಯಾಹ್ನ, ಅದೇ ಬೆಂಚಿನ ಮುಂದೆ, ಅದೇ ಬೋಧಕರು ಮದುವೆ ಮಾಡಿಸಲಿ. ಸಂಜೆ ಎಲ್ಲರೂ ಹೋದ ಮೇಲೆ ಅವನು ಬೈಬಲ್ ತೆಗೆದು, ಅಮ್ಮನ ಸಾಲಿರುವ ಹಾಳೆಯ ಹಿಂದೆಯೇ ತನ್ನ ಹೆಸರು, ಅವಳ ಹೆಸರು, ತಾರೀಕು ಬರೆಯಲಿ. ಅಕ್ಷರ ಸೊಟ್ಟಗಿರಲಿ.