ಚಿಂತೆ ರಕ್ತದ ರಿಪೋರ್ಟಿನಲ್ಲಿ ಕಾಣುತ್ತದಾ, ಡಾಕ್ಟರಮ್ಮ?

ಪ್ರಶ್ನೆ: ನನಗೀಗ ಆರು ತಿಂಗಳು. ಮನೆಯವರು ಗೋವಾ–ಮಂಗಳೂರು ಲಾರಿ ಓಡಿಸುತ್ತಾರೆ. 2024ರ ಜುಲೈನಲ್ಲಿ ಅದೇ ದಾರಿಯ ಶಿರೂರಿನ ಗುಡ್ಡ ಕುಸಿದಾಗಿನಿಂದ, ಮಳೆ ಜೋರಾದರೆ ನನಗೆ ನಿದ್ದೆಯಿಲ್ಲ, ಅವರಿಗೆ ಫೋನ್ ಮಾಡುತ್ತಲೇ ಇರುತ್ತೇನೆ. ಹೋದ ವಾರ ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ 9 ಬಂತು. ಉರಿಯೂತ ಅಂದರು. "ಚಿಂತೆ ಮಾಡಿ ಮಾಡಿ ಮಗುವಿಗೆ ಉಷ್ಣ ತಾಗಿಸಿದೆ" ಎಂದು ಅತ್ತೆ ದಿನಾ ಮುರುಗಲು ಪಾನಕ ಕುಡಿಸುತ್ತಾರೆ. ನನ್ನಿಂದಲೇ ಹೀಗಾಯಿತಾ?
– ಓದುಗಳು, ಅಂಕೋಲಾ ತಾಲೂಕು

ಉತ್ತರ: ಪಾನಕ ಕುಡಿಯಿರಿ ತಂಗಿ, ಸಕ್ಕರೆ ಮಾತ್ರ ಕಡಿಮೆ ಇರಲಿ. ಅದು ಬಾಯಿಗೆ ರುಚಿ, ಸಿಆರ್‌ಪಿಗೆ ಮದ್ದಲ್ಲ. ಅತ್ತೆ ಹೇಳುವ ಉಷ್ಣ ಬೇರೆ, ಡಾಕ್ಟರು ಹೇಳುವ ಉರಿಯೂತ ಬೇರೆ. ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದು ಉರಿಯೂತ. ಮೈಯಲ್ಲಿ ಎಲ್ಲೋ ಹಾಗಾಗಿದೆ ಎಂಬ ಸುದ್ದಿ ಮುಟ್ಟಿದಾಗ ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ಮಾಡುತ್ತದೆ. ಎಲ್ಲಿ, ಯಾಕೆ ಎಂದು ಅದು ಹೇಳುವುದಿಲ್ಲ. ಒಸಡಿನ ಕೀವು, ಮೂತ್ರದ ಸೋಂಕು, ನೆಗಡಿ, ಜಾಸ್ತಿ ಮೈತೂಕ, ಯಾವುದರಿಂದಲೂ ಏರಬಹುದು. ಬಸುರಿಯರಲ್ಲಿ ಸುಮ್ನೆಯೂ ಸ್ವಲ್ಪ ಏರಿರುತ್ತದೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚು ಹಾಕಿರುವ ಮಿತಿ ಸಾಮಾನ್ಯವಾಗಿ ಬಸುರಿಯರ ಲೆಕ್ಕದ್ದಲ್ಲ.

ಹಾಗಾದರೆ ಮನಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲವಾ? ಇದೆ. ಹೆದರಿದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಅದರ ಒಂದು ಕೆಲಸವೇ ಉರಿಯೂತವನ್ನು ತಗ್ಗಿಸುವುದು. ಆದರೆ ತಿಂಗಳುಗಟ್ಟಲೆ ಭಯವೇ ಇದ್ದರೆ, ದಿನಾ ಬೈಯುವ ಮಾಸ್ತರರ ಮಾತು ಮಕ್ಕಳ ಕಿವಿಗೆ ಹೋಗದ ಹಾಗೆ, ಜೀವಕೋಶಗಳೂ ಅದರ ಮಾತು ಕೇಳುವುದು ಕಡಿಮೆಯಾಗುತ್ತದೆ. ಕೆಲವು ಅಧ್ಯಯನಗಳಲ್ಲಿ ಒತ್ತಡ ಜಾಸ್ತಿ ಇದ್ದ ಬಸುರಿಯರಲ್ಲಿ ಐಎಲ್-6 ಎಂಬ ಉರಿಯೂತದ ಅಂಶ ಜಾಸ್ತಿ ಕಂಡಿದೆ. ಸುತ್ತಲಿನವರ ಆಸರೆ ಕಡಿಮೆ ಇದ್ದವರಲ್ಲಿ ಸಿಆರ್‌ಪಿ ಜಾಸ್ತಿ ಕಂಡದ್ದೂ ಇದೆ (ಅತ್ತೆಗೆ ಈ ಸಾಲನ್ನು ಓದಿ ಹೇಳಿ!). ಬೇರೆ ಅಧ್ಯಯನಗಳಲ್ಲಿ ಅಂಥದ್ದೇನೂ ಕಂಡಿಲ್ಲ. ಹಾಗಾಗಿ 9 ಎಂಬ ಅಂಕಿ ನೋಡಿ "ಇದು ಚಿಂತೆಯದ್ದೇ" ಎನ್ನಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಅತ್ತೆಗಂತೂ ಆಗುವುದಿಲ್ಲ.

ನಾನು ಬಸುರಿಯಾಗಿದ್ದಾಗ ಅಪ್ಪ ಹಾಸಿಗೆ ಹಿಡಿದಿದ್ದರು. ಹಿರಿಯ ಡಾಕ್ಟರೊಬ್ಬರು "ಟೆನ್ಷನ್ ಮಾಡ್ಕೋಬೇಡ, ಮಗುವಿಗೆ ಒಳ್ಳೇದಲ್ಲ" ಎಂದು ಗದರಿದರು. ನಾನೂ ಡಾಕ್ಟರೇ, ಆದರೂ ಅವತ್ತಿನಿಂದ ಚಿಂತೆ ಎರಡಾಯಿತು. ಅಪ್ಪನದೊಂದು, ಚಿಂತೆ ಮಾಡುತ್ತಿದ್ದೇನಲ್ಲ ಎಂಬುದೊಂದು. ಅದಕ್ಕೇ ಕುಮಟಾದ ನನ್ನ ಕ್ಲಿನಿಕ್ಕಿನಲ್ಲಿ ಆ ಮಾತನ್ನು ಯಾರಿಗೂ ಹೇಳಿಲ್ಲ.

ತಾಯಿ ಕಾರ್ಡು, ರಿಪೋರ್ಟು ಹಿಡಿದು ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆ ದಿನ ಹತ್ತಿರವಿದ್ದರೆ ಅದೂ ಆದೀತು. ಮೂತ್ರ ಪರೀಕ್ಷೆ ಕೇಳಿ, ಒಸಡು ತೋರಿಸಿ. ಜ್ವರ, ಉರಿಮೂತ್ರ, ಬಿಟ್ಟು ಬಿಟ್ಟು ಹೊಟ್ಟೆನೋವು, ನೀರು ಹೋಗುವುದು, ಇವುಗಳಲ್ಲಿ ಒಂದು ಕಂಡರೂ ವಾರ ಕಾಯಬೇಡಿ, ಆಗಲೇ ಹೊರಡಿ.

ನಿದ್ದೆಯಿಲ್ಲದ ರಾತ್ರಿಗಳ ವಿಷಯವನ್ನೂ ಅಲ್ಲೇ ಹೇಳಿ, ಮುಚ್ಚಿಡಬೇಡಿ. ಮನಸ್ಸು ಕುಗ್ಗಿದೆಯಾ ಎಂದು ನೋಡಲು ಎಡಿನ್‌ಬರೋ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. 1987ರಲ್ಲಿ ಬಾಣಂತಿಯರಿಗೆಂದು ಮಾಡಿದ್ದು, ಈಗ ಬಸುರಿಯರಿಗೂ ಬಳಸುತ್ತಾರೆ. ಐದು ನಿಮಿಷದ ಕೆಲಸ. ರಾತ್ರಿ ಎರಡಕ್ಕೆ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಇದೆಲ್ಲ ಸಿಆರ್‌ಪಿ ಇಳಿಸಲಿಕ್ಕಲ್ಲ. ನಿಮಗೆ ಕಷ್ಟವಾಗುತ್ತಿದೆ, ಅದಕ್ಕೆ.

ಇನ್ನು ಮನೆಯವರ ಫೋನಿನ ವಿಷಯ. ಲಾರಿ ಓಡಿಸುವಾಗ ನೀವು ಫೋನ್ ಮಾಡಬೇಡಿ. ಶಿರೂರು ದಾಟಿದ ಮೇಲೆ, ಚಹಾಕ್ಕೆ ನಿಲ್ಲಿಸಿದಲ್ಲಿಂದ ಅವರೇ ಮಾಡಲಿ.