ಓದುಗರ ಪ್ರಶ್ನೆಗೆ ಉತ್ತರ: ಬಿದ್ದವನು ಯಾವ ಮುಖ ಹೊತ್ತು ಸಭೆಗೆ ಬರಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಮೂರನ್ನು ಆಯ್ದುಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟದ್ದಕ್ಕೆ ಉಳಿದಿಬ್ಬರು ಬೇಸರಪಡಬಾರದು. ಅದರಲ್ಲಿರುವ ನೋವನ್ನು ನಮ್ಮ ಸಭೆಗಳಲ್ಲಿ ಎಷ್ಟೋ ಜನ ಬಾಯಿಬಿಟ್ಟು ಹೇಳದೆ ಒಳಗೇ ನುಂಗಿಕೊಂಡಿದ್ದಾರೆ.

ಪ್ರಶ್ನೆ: ಪೂಜ್ಯ ಅಯ್ಯನವರಿಗೆ ವಂದನೆಗಳು. ನಾನು ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತೇನೆ. ಆರು ವರ್ಷದ ಹಿಂದೆ ದೀಕ್ಷಾಸ್ನಾನ ತೆಗೆದುಕೊಂಡೆ. ಅದಕ್ಕೆ ಮುಂಚೆ ದಿನಾಲೂ ಕುಡಿಯುತ್ತಿದ್ದವನು ನಾಲ್ಕು ವರ್ಷ ಹನಿ ಮುಟ್ಟಲಿಲ್ಲ. ಎಷ್ಟೋ ಕೂಟಗಳಲ್ಲಿ ನಿಂತು ಸಾಕ್ಷಿಯನ್ನೂ ಹೇಳಿದೆ. ಆಮೇಲೆ ಒಂದು ಸುಗ್ಗಿಯಲ್ಲಿ ಜೊತೆಯವರು ಮೈ ನೋವಿಗೆಂದು ಕೊಟ್ಟದ್ದನ್ನು ಕುಡಿದೆ. ಈಗ ಕುಡಿಯದ ದಿನವೇ ಇಲ್ಲ. ಸಭೆಗೆ ಹೋಗಿ ಐದು ತಿಂಗಳಾಯಿತು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಬಂದರೆ ಊರು ಬಿಟ್ಟು ಹೋಗುತ್ತೇನೆ. ಮಕ್ಕಳನ್ನು ಕರೆದುಕೊಂಡು ಮನೆಯಾಕೆ ಒಬ್ಬಳೇ ಹೋಗುತ್ತಾಳೆ. ಮೊದಲು ಇದನ್ನು ಪೂರ್ತಿ ಬಿಟ್ಟು, ಶುದ್ಧನಾಗಿ, ಆಮೇಲೆ ಸಭೆಗೆ ಬರಬೇಕೆಂದುಕೊಂಡಿದ್ದೇನೆ. ನನ್ನ ರಕ್ಷಣೆಯೇ ಸುಳ್ಳಾಗಿತ್ತೇ? ಕರ್ತನು ನನ್ನನ್ನು ಕೈಬಿಟ್ಟನೇ?

ಉತ್ತರ: ತಮ್ಮಾ, ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಬರುವ ಮುಂಚೆ ಅದರ ಹಿಂದಿನ ಸಾಲನ್ನು ಹಿಡಿದುಕೊಳ್ಳುತ್ತೇನೆ. ‘ಬಿಟ್ಟು, ಶುದ್ಧನಾಗಿ, ಆಮೇಲೆ ಬರುತ್ತೇನೆ’ ಎಂದು ಬರೆದಿದ್ದೀರಿ. ಈ ಐದು ತಿಂಗಳಲ್ಲಿ ಕುಡಿತ ನಿಮಗೆ ಮಾಡಿರುವ ಹಾನಿಗಿಂತ ಈ ಒಂದು ಆಲೋಚನೆ ಮಾಡಿರುವ ಹಾನಿಯೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋದದ್ದು ನಿಮಗೂ ನೆನಪಿರಬೇಕು. ಜಲಾಶಯವೆಲ್ಲ ಬರಿದಾಗಲಿ, ಆಮೇಲೆ ರಿಪೇರಿ ಮಾಡೋಣ ಎಂದು ಕೂತಿದ್ದರೆ ಆ ವರ್ಷ ನಿಮ್ಮ ಗಿರಣಿಗೆ ಭತ್ತ ಎಲ್ಲಿಂದ ಬರುತ್ತಿತ್ತು? ಹರಿಯುವ ನೀರಿನಲ್ಲೇ ಕಬ್ಬಿಣದ ತಡೆಗಳನ್ನು ಒಂದರ ಮೇಲೊಂದು ಇಳಿಸಿ ವಾರದ ಹೊತ್ತಿಗೆ ನೀರು ನಿಲ್ಲಿಸಿದರು. ಹೊಸ ಗೇಟಿನ ಮಾತು ಆಮೇಲಿನದು.

ಯೇಸುವಿನ ಶಿಷ್ಯನಾದ ಪೇತ್ರನ ವಿಷಯವನ್ನು ನೀವು ಬಹಳ ಸಾರಿ ಕೇಳಿದ್ದೀರಿ. ಆದರೂ ಯೋಹಾನನ ಸುವಾರ್ತೆಯನ್ನು ತೆಗೆದು 18ನೆಯ ಅಧ್ಯಾಯದ 18ನೆಯ ವಚನವನ್ನೂ 21ನೆಯ ಅಧ್ಯಾಯದ 9ನೆಯ ವಚನವನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿಯೆಂದು ಆಳುಗಳು ಕೆಂಡದ ಬೆಂಕಿ ಮಾಡಿಕೊಂಡಿದ್ದರು, ಪೇತ್ರನು ಅವರ ಜೊತೆಯಲ್ಲಿ ನಿಂತು ಮೈ ಕಾಯಿಸಿಕೊಳ್ಳುತ್ತಾ ‘ನಾನು ಅವನವನಲ್ಲ’ ಎಂದನು. ಕೆಲವು ದಿನಗಳಾದ ಮೇಲೆ, ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಕ್ಕದೆ ಬಂದವನಿಗೆ ದಡದ ಮೇಲೆ ಕಂಡದ್ದು ಮತ್ತೆ ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಕೆಂಡದ ಬೆಂಕಿಗೆ ಯೋಹಾನನು ಬಳಸಿದ ಗ್ರೀಕ್ ಪದವು ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಪೇತ್ರನಿಗೆ ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗಲೇ ಹಿಂದಿನ ರಾತ್ರಿ ಎದೆಗೆ ಇರಿದಿರಬೇಕು. ಆದರೆ ಕರ್ತನು ಮೊದಲು ಕೇಳಿದ್ದು ಆ ರಾತ್ರಿಯ ಲೆಕ್ಕವನ್ನಲ್ಲ. ‘ಬನ್ನಿರಿ, ಊಟಮಾಡಿರಿ’ ಎಂದು ಕರೆದನು. ಉಣಿಸಿದ ಮೇಲೆ, ಮೂರು ಸಾರಿ ಅಲ್ಲವೆಂದವನನ್ನು ಮೂರು ಸಾರಿ ‘ನನ್ನ ಮೇಲೆ ಪ್ರೀತಿಯುಂಟೋ’ ಎಂದು ಕೇಳಿ, ಕುರಿಗಳನ್ನು ಅವನ ಕೈಗೆ ಒಪ್ಪಿಸಿದನು. ಮುರಿದ ಜಾಗವನ್ನು ಮುಚ್ಚಿಡದೆ, ಮುರಿದಲ್ಲಿಯೇ ಕೂಡಿಸಿದನು. ನಿಮ್ಮನ್ನು ಕೈಬಿಟ್ಟನೇ ಎಂಬುದಕ್ಕೆ ನನ್ನಲ್ಲಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ರಕ್ಷಣೆ ಸುಳ್ಳಾಗಿತ್ತೇ ಎಂದು ಕೇಳಿದ್ದೀರಿ. ಹಾಗಾದರೆ ನಾಲ್ಕು ವರ್ಷ ನಿಮ್ಮನ್ನು ಎತ್ತಿ ಹಿಡಿದದ್ದು ಯಾವುದು? ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ, ಶರೀರಭಾವವು ಆತ್ಮನಿಗೆ ವಿರೋಧವಾಗಿಯೂ ಆತ್ಮನು ಶರೀರಭಾವಕ್ಕೆ ವಿರೋಧವಾಗಿಯೂ ಹೋರಾಡುವ ಮಾತನ್ನು ಅಪೊಸ್ತಲನಾದ ಪೌಲನು ಹೇಳಿದ್ದು ಹೊರಗಿನವರಿಗಲ್ಲ, ನಂಬಿದವರಿಗೆ. ಹೋರಾಟ ಇದೆಯೆಂದರೆ ಹೋರಾಡುವ ಆತ್ಮನೂ ಒಳಗಿದ್ದಾನೆ. ಸತ್ತವನಿಗೆ ಗಾಯ ನೋಯುವುದಿಲ್ಲ. ಐದು ತಿಂಗಳು ನಿಮಗೆ ನಿದ್ದೆ ಹತ್ತದಂತೆ ಮಾಡಿದ ಆ ನೋವನ್ನು ನಾನು ಜೀವದ ಗುರುತೆಂದೇ ಓದುತ್ತೇನೆ.

ಹಾಗಿದ್ದರೂ ನಾಲ್ಕು ವರ್ಷ ಬಿಟ್ಟದ್ದು ಮತ್ತೆ ಹೇಗೆ ಚಿಗುರಿತು? ನಮ್ಮ ಎರೆ ಹೊಲದಲ್ಲಿ ಕರಕಿ ತೆಗೆಯುವುದನ್ನು ನೀವು ನೋಡಿದ್ದೀರಿ. ನಾನು ಹುಡುಗನಿದ್ದಾಗ ನಮ್ಮಪ್ಪ ಬೇಸಿಗೆಯಲ್ಲಿ ಗುದ್ದಲಿ ಹಿಡಿದು ಮೊಣಕಾಲುದ್ದ ಅಗೆಯುತ್ತಿದ್ದರು. ಬಿಸಿಲಿಗೆ ಕಲ್ಲಾದ ಹೆಂಟೆಯನ್ನು ಹೊರಳಿಸಿ, ಒಡೆದು, ಬಿಳಿ ಬೇರನ್ನು ಕೈಯಿಂದ ಒಂದೊಂದಾಗಿ ಬಿಡಿಸಿ ಬದುವಿನ ಮೇಲೆ ಒಣಹಾಕುವುದು ನಮ್ಮ ಕೆಲಸವಾಗಿತ್ತು. ಮೇಲೆ ಹಸಿರು ಕಾಣದಿದ್ದರೆ ಹೊಲ ಹಸನಾಯಿತೆಂದು ನಾವು ಹುಡುಗರು ಓಡಲು ನೋಡುತ್ತಿದ್ದೆವು. ಅಪ್ಪ ಬಿಡುತ್ತಿರಲಿಲ್ಲ. ಬೆರಳಿನ ಗೆಣ್ಣಿನಷ್ಟು ಬೇರು ಉಳಿದರೂ ಮೊದಲ ಮಳೆಗೆ ಅಲ್ಲಿಂದಲೇ ಹಬ್ಬುತ್ತಿತ್ತು. ಹಾಗೆ ಹಬ್ಬಿದ ವರ್ಷ ಅಪ್ಪ ಹೊಲವನ್ನು ಬೀಳು ಬಿಡಲಿಲ್ಲ, ಆ ಜಾಗವನ್ನು ಗುರುತುಮಾಡಿಕೊಂಡು ಮುಂದಿನ ಬೇಸಿಗೆಯಲ್ಲಿ ಮತ್ತೆ ಅಗೆದರು. ನಿಮ್ಮಲ್ಲಿ ಉಳಿದ ಗೆಣ್ಣು ಯಾವುದೆಂದು ನಿಮ್ಮ ಪತ್ರವೇ ಹೇಳುತ್ತದೆ: ಸುಗ್ಗಿ, ದಣಿದ ಮೈ, ಜೊತೆಯವರು. ಅಲ್ಲಿ ಅಗೆಯಬೇಕು.

ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲನು ಪೂರ್ವಸ್ವಭಾವವನ್ನು ತೆಗೆದುಹಾಕಿರಿ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ, ನೂತನಸ್ವಭಾವವನ್ನು ಧರಿಸಿಕೊಳ್ಳಿರಿ ಎಂದೂ ಹೇಳುತ್ತಾನೆ. ಕಳ್ಳನು ಇನ್ನು ಮೇಲೆ ಕದಿಯದೆ, ಕೈಯಾರೆ ದುಡಿದು, ಕೊರತೆಯುಳ್ಳವರಿಗೆ ಕೊಡಲಿ ಎಂಬ 28ನೆಯ ವಚನವನ್ನು ಗಮನಿಸಿರಿ. ತೆಗೆದ ಜಾಗದಲ್ಲಿ ಇನ್ನೊಂದು ಬಂದು ಕೂರಬೇಕು, ಇಲ್ಲದಿದ್ದರೆ ಗುಡಿಸಿ ಬಿಟ್ಟ ಬರಿದಾದ ಮನೆಗೆ ಹೋದ ದೆವ್ವವು ಏಳು ಜೊತೆಗಾರರೊಂದಿಗೆ ಮರಳಿ ಬರುತ್ತದೆಂದು ಕರ್ತನೇ ಎಚ್ಚರಿಸಿದ್ದಾನೆ. ಗಿರಣಿಯ ಪಾಳಿ ಮುಗಿದ ಮೇಲಿನ ಎರಡು ತಾಸು ನಿಮಗೆ ಗಂಡಾಂತರದ ಹೊತ್ತು. ಆ ಹೊತ್ತಿಗೆ ಮಗನನ್ನೋ ಸಭೆಯ ಒಬ್ಬ ಹಿರಿಯಣ್ಣನನ್ನೋ ಗಿರಣಿಯ ಬಾಗಿಲಿಗೇ ಬರಹೇಳಿ, ಅಂಗಡಿ ಇಲ್ಲದ ದಾರಿ ಹಿಡಿದು ಮನೆಗೆ ಹೋಗಿರಿ. ಬಿಸಿನೀರು, ಊಟ, ಮಕ್ಕಳ ಪಾಠ ಕಾದಿರಲಿ. ಇದು ಪ್ರಾರ್ಥನೆಗಿಂತ ಕೀಳಾದ ಕೆಲಸವೆಂದು ತಿಳಿಯಬೇಡಿರಿ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ದಿನಾಲೂ ಹೆಚ್ಚು ಕುಡಿಯುವ ಮೈಯಾಗಿದ್ದರೆ ಉಪವಾಸ ಕೂಟದಲ್ಲಿ ಕೂತು ಒಂದೇ ಪೆಟ್ಟಿಗೆ ನಿಲ್ಲಿಸಲು ಹೋಗಬೇಡಿರಿ. ಹಾಗೆ ನಿಲ್ಲಿಸಿದವರಿಗೆ ಒಂದೆರಡು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವಂಥ ಭ್ರಮೆ ಬರುವುದುಂಟು, ಅದರಿಂದ ಜೀವಕ್ಕೇ ಅಪಾಯವಾಗಬಹುದು. ಅಂಥ ನಡುಕವನ್ನು ಕಂಡು ದೆವ್ವ ಬಂದಿದೆಯೆಂದು ತಲೆಯ ಮೇಲೆ ಕೈಯಿಟ್ಟು ಕೂಗುವವರನ್ನು ನಾನು ನೋಡಿದ್ದೇನೆ, ಅದು ಅಜ್ಞಾನ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಂಡರೆ ಔಷಧಿ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಕರೆಮಾಡಿದರೆ ದುಡ್ಡು ತಗಲುವುದಿಲ್ಲ. ಪೌಲನ ಜೊತೆ ನಡೆದ ಲೂಕನೂ ವೈದ್ಯನೇ.

ಕರ್ತನ ಭೋಜನಕ್ಕೆ ಹೆದರಿ ಊರು ಬಿಡುತ್ತೀರೆಂದು ಬರೆದಿದ್ದೀರಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ, ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ ಎಂದಿದೆ, ಪರೀಕ್ಷಿಸಿಕೊಂಡು ಮನೆಯಲ್ಲಿ ಕೂರಲಿ ಎಂದಿಲ್ಲ. ಅಲ್ಲಿ ಪೌಲನು ಗದರಿಸಿದ್ದು ಅಳುತ್ತಾ ಬಂದವನನ್ನಲ್ಲ, ಹಸಿದ ಬಡವನನ್ನು ಪಕ್ಕದಲ್ಲಿಟ್ಟುಕೊಂಡು ತಾವು ಮೊದಲೇ ಉಂಡು ಅಮಲೇರಿದವರನ್ನು. ನಿಮ್ಮ ಸಭಾಪಾಲಕರಲ್ಲಿ ಮೊದಲು ಒಬ್ಬರೇ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿರಿ. ಭೋಜನದ ಮೇಜಿಗೆ ಯಾವಾಗ ಬರಬೇಕೆಂಬುದನ್ನು ಅವರೊಡನೆ ಕೂತು ತೀರ್ಮಾನಿಸಿರಿ. ಸಭೆಗೆ ಬರುವುದನ್ನು ಮಾತ್ರ ಈ ಭಾನುವಾರದಿಂದಲೇ ಆರಂಭಿಸಿರಿ, ಹಿಂದಿನ ಸಾಲಿನಲ್ಲಾದರೂ ಸರಿ.

ಇಲ್ಲಿ ಸಭಾಪಾಲಕರಿಗೂ ಹಿರಿಯರಿಗೂ ಒಂದು ಮಾತು ಹೇಳದೆ ಇರಲಾರೆ. ಹೊಸದಾಗಿ ಕುಡಿತ ಬಿಟ್ಟವನನ್ನು ತಿಂಗಳೊಪ್ಪತ್ತಿನಲ್ಲೇ ವೇದಿಕೆಗೆ ಹತ್ತಿಸಿ, ಮೈಕು ಕೊಟ್ಟು, ಊರೂರಿಗೆ ಸಾಕ್ಷಿ ಹೇಳಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ನಾನೂ ಹೇಳಿಸಿದ್ದೇನೆ, ಅದಕ್ಕಾಗಿ ಪಶ್ಚಾತ್ತಾಪಪಟ್ಟಿದ್ದೇನೆ. ಅಷ್ಟು ಜನರೆದುರು ‘ಗೆದ್ದೆ’ ಎಂದವನು ಆಮೇಲೆ ಎಡವಿದರೆ ‘ಎಡವಿದೆ’ ಎಂದು ಯಾರ ಹತ್ತಿರ ಹೋಗಿ ಹೇಳಬೇಕು? ಅವನು ಬರದ ಮೊದಲ ಭಾನುವಾರವೇ ಸಂಜೆ ಅವನ ಮನೆಯ ಬಾಗಿಲು ತಟ್ಟುವುದು ನಮ್ಮ ಕೆಲಸ. ಐದು ತಿಂಗಳು ಯಾರೂ ತಟ್ಟಲಿಲ್ಲವೆಂಬುದು ಈ ಪತ್ರದಲ್ಲಿ ಬರೆಯದೆ ಬಿಟ್ಟ ಮಾತು.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತೇನೆ. ಕಳೆದ ವರ್ಷ ಅವ್ವ ತೀರಿಹೋದ ಮೇಲೆ ಪ್ರಾರ್ಥನೆಯೇ ಬರುತ್ತಿಲ್ಲ. ಬೈಬಲ್ ತೆಗೆದರೆ ಅಕ್ಷರ ಕಾಣುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಮೊಣಕಾಲೂರಿದರೆ ನಿದ್ದೆ ಬರುತ್ತದೆ. ಗುಪ್ತವಾದ ಪಾಪವೇನೋ ಇರಬೇಕೆಂದು ಪ್ರಾರ್ಥನಾ ಕೂಟದ ಒಬ್ಬ ಅಕ್ಕ ಹೇಳಿದರು. ಹುಡುಕಿ ಹುಡುಕಿ ಸೋತಿದ್ದೇನೆ.

ಉತ್ತರ: ಹುಡುಕುವುದನ್ನು ನಿಲ್ಲಿಸಮ್ಮಾ. ಆ ಅಕ್ಕನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ನೀತಿವಂತನಾದ ಯೋಬನು ಕಷ್ಟಕ್ಕೆ ಸಿಕ್ಕಾಗ ಅವನ ಸ್ನೇಹಿತರೂ ಅದನ್ನೇ ಹೇಳಿ ಕೊನೆಗೆ ದೇವರ ಕೋಪಕ್ಕೆ ಗುರಿಯಾದರು. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ತಾಯಿಯನ್ನು ಕಳೆದುಕೊಂಡ ದುಃಖ, ಅದರ ಮೇಲೆ ದಿನವಿಡೀ ಮಷೀನಿನ ಮುಂದೆ ಬಗ್ಗಿದ ಬೆನ್ನು.

ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಲೀಯನು ಅಡವಿಯ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದನು. ಹಿಂದಿನ ಅಧ್ಯಾಯದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಅವನೇ. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ಪಾಪ ಹುಡುಕಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತಲೆಯ ಹತ್ತಿರ ಇಟ್ಟು ಎಬ್ಬಿಸಿದನು. ಅವನು ಉಂಡು ಮತ್ತೆ ಮಲಗಿದನು, ದೂತನು ಎರಡನೆಯ ಸಾರಿಯೂ ಎಬ್ಬಿಸಿ ಉಣಿಸಿದನು. ಹೋರೇಬ್ ಬೆಟ್ಟದ ಮೇಲೆ ಆ ಮೆಲ್ಲನೆಯ ಸ್ವರ ಕೇಳಿಸಿದ್ದು ಅದೆಲ್ಲ ಆದ ಮೇಲೆ. ಮೊಣಕಾಲೂರಿದಾಗ ನಿದ್ದೆ ಬಂದರೆ ಮಲಗಿರಿ.

ಸ್ವಂತ ಮಾತು ಬಾರದ ದಿನ ಬೇರೆಯವರ ಮಾತಿನಿಂದ ಪ್ರಾರ್ಥಿಸಬಹುದು, ಕೀರ್ತನೆಗಳು ಇರುವುದೇ ಅದಕ್ಕೆ. 88ನೆಯ ಕೀರ್ತನೆಯನ್ನು ಓದಿರಿ: ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತೋತ್ರವಿಲ್ಲ. ಆದರೂ ಅದು ಪ್ರಾರ್ಥನೆಯೆಂದು ಬೈಬಲ್ಲಿನಲ್ಲಿ ಸೇರಿತು. ಆ ಮಾತುಗಳು ನಮ್ಮ ಭಾಷೆಗೆ ಬಂದದ್ದು ನಿಮ್ಮ ಊರಿನಿಂದಲೇ ಎಂಬುದು ನಿಮಗೆ ತಿಳಿದಿದೆಯೋ ಇಲ್ಲವೋ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಇಪ್ಪತ್ತು ವರ್ಷಗಳ ಆ ದುಡಿಮೆಯ ಫಲವನ್ನು ದಿನಕ್ಕೆ ನಾಲ್ಕು ಸಾಲಿನಂತೆ, ಬಸ್ಸಿನಲ್ಲಿ ಕೂತಾಗ, ಅರ್ಥ ಇಳಿದರೂ ಇಳಿಯದಿದ್ದರೂ ತುಟಿಯಲ್ಲಿ ಹೇಳಿಕೊಳ್ಳಿರಿ.

ಊಟ ಸೇರದಿರುವುದು, ನಸುಕಿನಲ್ಲೇ ಎಚ್ಚರವಾಗುವುದು, ಬದುಕುವುದೇ ಬೇಡವೆನ್ನಿಸುವುದು ಇವು ಇದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಅವ್ವನ ಬಗ್ಗೆ ಕೇಳಿಸಿಕೊಳ್ಳುವ ಒಬ್ಬ ಗೆಳತಿಯನ್ನೂ ಹುಡುಕಿಕೊಳ್ಳಿರಿ. ತನ್ನ ಗೆಳೆಯ ಲಾಜರನ ಸಮಾಧಿಯ ಹತ್ತಿರ ಕರ್ತನೂ ಕಣ್ಣೀರು ಸುರಿಸಿದನು.

ಪ್ರಶ್ನೆ: ರಾಯಚೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿ ನಾನು. ರಾತ್ರಿ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟವಿದೆ. ಮೂರು ಸಾರಿ ಉಪವಾಸ ಮಾಡಿ ಹರಕೆ ಹೊತ್ತೆ, ಮೂರು ಸಾರಿಯೂ ಮುರಿದೆ. ಇನ್ನು ದೇವರ ಮುಂದೆ ನಿಲ್ಲಲು ಧೈರ್ಯವಿಲ್ಲ.

ಉತ್ತರ: ನಾಲ್ಕನೆಯ ಹರಕೆ ಹೊರಬೇಡ ತಮ್ಮಾ. ಹರಕೆಯನ್ನು ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದಿರುವುದೇ ಲೇಸೆಂದು ಪ್ರಸಂಗಿಯ 5ನೆಯ ಅಧ್ಯಾಯ ಹೇಳುತ್ತದೆ. ಮುರಿದ ಪ್ರತಿಯೊಂದು ಹರಕೆಯೂ ನಿನ್ನ ಮೇಲೆ ಹೊಸ ಸಾಲದಂತೆ ಕೂತು, ಪ್ರಾರ್ಥನೆಯಿಂದಲೇ ನಿನ್ನನ್ನು ದೂರ ತಳ್ಳುತ್ತಿದೆ. ಪಾಪವನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸುತ್ತಾನೆಂಬ ಯೋಹಾನನ ಮಾತು ವಿಶ್ವಾಸಿಗಳಿಗೇ ಬರೆದದ್ದು, ಅದರಲ್ಲಿ ಮೂರು ಸಾರಿ ಮಾತ್ರ ಎಂಬ ಮಿತಿಯಿಲ್ಲ.

ಚಟ ನಡೆಯುವುದು ರಾತ್ರಿ, ಒಬ್ಬನೇ ಇದ್ದಾಗ, ಹೊದಿಕೆಯೊಳಗೆ. ಈ ಮೂರನ್ನು ಬದಲಿಸು. ಮನೆಯಲ್ಲಿದ್ದರೆ ರಾತ್ರಿ ಹತ್ತಕ್ಕೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಂದು ಮಲಗು. ಹಾಸ್ಟೆಲ್ಲಿನಲ್ಲಿದ್ದರೆ ನಂಬಿಕೆಯ ಒಬ್ಬ ಗೆಳೆಯನ ಕೈಗೆ ಕೊಟ್ಟುಬಿಡು. ಬೆಳಗಿನ ಅಲಾರಮ್ಮಿಗೆ ಫೋನು ಬೇಕೆಂಬ ನೆಪ ಬರುತ್ತದೆ, ಅದಕ್ಕೊಂದು ಬೇರೆ ಗಡಿಯಾರ ತೆಗೆದುಕೋ. ಸಭೆಯಲ್ಲಿ ನಿನಗಿಂತ ಹತ್ತು ಹದಿನೈದು ವರ್ಷ ಹಿರಿಯರಾದ, ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಒಬ್ಬ ಅಣ್ಣನವರಿಗೆ ಈ ಪತ್ರದಲ್ಲಿ ಬರೆದ ಮೂರು ಸಾಲನ್ನೇ ಓದಿ ಹೇಳು, ಹೆಚ್ಚು ವಿವರ ಬೇಕಿಲ್ಲ. ಮತ್ತೆ ಬಿದ್ದ ರಾತ್ರಿ ಬಂದರೆ ಭಾನುವಾರದವರೆಗೆ ಕಾಯಬೇಡ. ಅದೇ ಹಾಸಿಗೆಯ ಮೇಲೆ ಎದ್ದು ಕೂತು ಕರ್ತನಿಗೆ ಹೇಳು, ಬೆಳಿಗ್ಗೆ ಆ ಅಣ್ಣನವರಿಗೆ ಫೋನು ಮಾಡು.